ನಿಧಾನ ಮೇಷ್ಟ್ರ ಸಿಲಿಂಡರ್ ಹೆಡ್

ಆ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಮೇಷ್ಟ್ರ ಕೈಕೆಳಗೆ ಕಲಿತವರೇ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗೆಂದೇ ಬೇರೆಯಾಗಿ ಕೂರಿಸಿದ್ದ ಬ್ರೇಕಿನ ಮೇಲೆ ಬೂಟಿನ ತುದಿಯನ್ನು ಹಗುರವಾಗಿ ಇಟ್ಟುಕೊಂಡು, "ನಿಧಾನ, ನಿಧಾನ" ಎನ್ನುತ್ತಲೇ ಅವರ ಆಯುಷ್ಯದ ಬಹುಪಾಲು ಕಳೆದಿತ್ತು. ಅದಕ್ಕೇ ನಿಧಾನ ಮೇಷ್ಟ್ರು ಎಂಬ ಹೆಸರು ಬಿದ್ದದ್ದು. ಮೊದಮೊದಲು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ ಹೆಸರು, ಬರಬರುತ್ತಾ ಎದುರಿಗೇ ಕರೆಯುವಷ್ಟು ಹಳತಾಯಿತು. ಮೇಷ್ಟ್ರಿಗೆ ಸಿಟ್ಟು ಬಂದದ್ದನ್ನು ಕಂಡವರಿಲ್ಲ. ಗೇರು ಹಾಕುವಾಗ ಕರಕರ ಎನ್ನಿಸಿದವರಿಗೂ, "ಪಾಪ, ಅದಕ್ಕೂ ಹಲ್ಲಿದೆ, ನೋವಾಗುತ್ತೆ" ಎಂದಷ್ಟೇ ಹೇಳುತ್ತಿದ್ದರು.

ಇಂಥ ಮೇಷ್ಟ್ರ ಮನಸ್ಸಿನೊಳಗೆ ಇದ್ದದ್ದು ಮಾತ್ರ ವೇಗ. ಮದುವೆಗೆ ಮುಂಚೆ ಅವರು ರೇಸ್ ಕಾರುಗಳನ್ನು ತಯಾರು ಮಾಡುವ ಒಂದು ಗ್ಯಾರೇಜಿನಲ್ಲಿ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವ ಕೆಲಸಕ್ಕಿದ್ದರು. ಅಲ್ಲಿಯ ದೊಡ್ಡ ಮೆಕ್ಯಾನಿಕ್ಕು ಎಂಜಿನ್ನಿನ ಮೇಲ್ತಲೆಯನ್ನು, ಎಂದರೆ ಸಿಲಿಂಡರ್ ಹೆಡ್ಡನ್ನು, ಮೇಜಿನ ಮೇಲೆ ಮಗುಚಿಟ್ಟು, ಗಾಳಿ ಒಳಗೆ ಹೋಗುವ, ಹೊಗೆ ಹೊರಗೆ ಬರುವ ದಾರಿಗಳನ್ನು ದಿನಗಟ್ಟಲೆ ಉಜ್ಜುತ್ತಿದ್ದ. ಪೋರ್ಟಿಂಗ್ ಎನ್ನುತ್ತಿದ್ದರು ಅದಕ್ಕೆ. "ಕಾರ್ಖಾನೆಯವರು ಎರಕ ಹೊಯ್ದು ಬಿಟ್ಟುಬಿಡ್ತಾರೆ ಕಣಯ್ಯ. ಒಳಗೆಲ್ಲ ಒರಟು, ಏಣು, ಮೂಲೆ. ಮೂಗು ಕಟ್ಟಿದವನ ಕೈಲಿ ಓಡ್ಸಿದ ಹಾಗೆ. ನಾನು ಇದರ ಮೂಗು ಬಿಡಿಸ್ತೀನಿ, ಅಷ್ಟೆ" ಎನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಒಮ್ಮೊಮ್ಮೆ ಇವರನ್ನು ಕರೆದು ಆ ದಾರಿಯೊಳಗೆ ಬೆರಳು ಹಾಕಿ ನೋಡಲು ಬಿಡುತ್ತಿದ್ದ. ಆ ನುಣುಪು ಇವರ ಬೆರಳಿಗೆ ಅಂಟಿಕೊಂಡೇ ಬಂತು. ಮದುವೆ ಗೊತ್ತಾದಾಗ ಹುಡುಗಿಯ ಕಡೆಯವರು ನೆಚ್ಚಿಕೆಯ ಕೆಲಸ ಬೇಕೆಂದರು. ಡ್ರೈವಿಂಗ್ ಸ್ಕೂಲು ಸಿಕ್ಕಿತು. ಗ್ಯಾರೇಜು ಅಲ್ಲಿಗೆ ಮುಗಿಯಿತು.

ಅವರ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಮಕ್ಕಳಿರಲಿಲ್ಲ. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಷೀನು, ಹಿಂದೆ ಅಡುಗೆಮನೆ, ಅದರಾಚೆ ಬಟ್ಟೆ ಒಗೆಯುವ ಕಲ್ಲು ಇದ್ದ ಮಾಡಿನ ಕೆಳಗಿನ ಜಾಗ. ಇಷ್ಟೇ ಮನೆ. ಇಬ್ಬರಿಗೆ ಧಾರಾಳವಾಗಿತ್ತು.

ಒಂದು ಬೆಳಿಗ್ಗೆ ನರ್ಸೊಬ್ಬಳಿಗೆ ಪಾಠ ಹೇಳುತ್ತಿದ್ದಾಗ ಕಾರು ಗಕ್ಕನೆ ನಿಂತಿತು. ನರ್ಸು ಬ್ರೇಕು ಒತ್ತಿದ್ದಳು. ಬಾನೆಟ್ಟಿನ ಎಡ ಮೂಲೆಗೆ ತಾಗಿದಂತೆ ಒಬ್ಬ ಸೈಕಲ್ಲಿನವನು ದಾಟಿಕೊಂಡು, ಹಿಂದಿರುಗಿ ಬೈಯುತ್ತಾ ಹೋದ. ಅವನು ಎಲ್ಲಿಂದ ಬಂದ ಎನ್ನುವುದೇ ಮೇಷ್ಟ್ರಿಗೆ ತಿಳಿಯಲಿಲ್ಲ. ಇಲ್ಲದ ಜಾಗದಿಂದ ಉದುರಿದ ಹಾಗೆ ಬಂದಿದ್ದ.

"ಸರ್, ನೀವು ನೋಡ್ಲಿಲ್ವಾ?"

"ನೋಡಿದೆ. ನೀನೇ ಹಿಡೀತೀಯಾ ಇಲ್ವಾ ಅಂತ ಕಾಯ್ತಿದ್ದೆ."

ನರ್ಸು ಹಿಗ್ಗಿದಳು. ಮೇಷ್ಟ್ರ ಬೂಟಿನ ತುದಿ ಬ್ರೇಕಿನ ಮೇಲೆಯೇ ಇತ್ತು. ಒತ್ತಿರಲಿಲ್ಲ. ಮಿಕ್ಕ ಪಾಠವನ್ನು ಅವರು ಎಡಕ್ಕೆ ಮತ್ತೆ ಮತ್ತೆ ತಿರುಗಿ ನೋಡುತ್ತಾ ಮುಗಿಸಿದರು.

ಕಣ್ಣಾಸ್ಪತ್ರೆಯಲ್ಲಿ ಗದ್ದವನ್ನು ದೊಡ್ಡ ಬಟ್ಟಲಿನಂಥ ಒಂದು ಯಂತ್ರದೊಳಗೆ ಇಡಿಸಿ, ಎಲ್ಲಿ ಬೆಳಕು ಮಿನುಗಿದರೂ ಕೈಯಲ್ಲಿರುವ ಗುಂಡಿ ಒತ್ತಿ ಎಂದರು. ಮೇಷ್ಟ್ರು ಕಂಡಾಗಲೆಲ್ಲ ಒತ್ತಿದರು. ಬಹಳ ಹೊತ್ತು ಏನೂ ಮಿನುಗದೆ ಸುಮ್ಮನೆ ಕೂತಿದ್ದರು. ಯಂತ್ರ ಕೆಟ್ಟಿರಬೇಕು ಅಂದುಕೊಂಡರು. ಯಂತ್ರ ಕೆಟ್ಟಿರಲಿಲ್ಲ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಮೆತ್ತಗಿತ್ತು.

"ಗ್ಲಾಕೋಮಾ. ಎಡಗಡೆ ತುಂಬಾ ಹೋಗಿದೆ, ಬಲಗಡೇನೂ ಶುರುವಾಗಿದೆ. ನಡುವೆ ಮಾತ್ರ ಚೆನ್ನಾಗಿದೆ, ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಎಷ್ಟು ದಿನ ಉಳಿಸ್ಕೊಬೋದೋ ನೋಡೋಣ. ಗಾಡಿ ಮಾತ್ರ ಓಡಿಸ್ಬೇಡಿ. ಏನು ಕೆಲಸ ನಿಮ್ದು?"

"ಮೇಷ್ಟ್ರು."

"ಹಾಗಾದ್ರೆ ಪರವಾಗಿಲ್ಲ" ಎಂದಳು ಡಾಕ್ಟರಮ್ಮ, ಕಣ್ಣಿಗೆ ಬಿಡುವ ಹನಿಯ ಹೆಸರು ಬರೆಯುತ್ತಾ.

ಮೇಷ್ಟ್ರು ಮಾರನೆಯ ದಿನವೇ ಸ್ಕೂಲಿನ ಯಜಮಾನರ ಹತ್ತಿರ ಹೋಗಿ ಮಂಡಿ ನೋವು, ಇನ್ನಾಗುವುದಿಲ್ಲ ಎಂದರು. ಹೆಂಡತಿಗೂ ಮಂಡಿ ನೋವೆಂದೇ ಹೇಳಿದರು. ಅವಳು ಏನೂ ಕೇಳದೆ, ಅಂದಿನಿಂದ ಮಲಗುವ ಮುಂಚೆ ಅವರ ಎರಡೂ ಮಂಡಿಗೆ ಎಣ್ಣೆ ಬಿಸಿ ಮಾಡಿ ತಿಕ್ಕತೊಡಗಿದಳು. ಹನಿಯ ಬಾಟಲಿಯನ್ನು ಮೇಷ್ಟ್ರು ಶೇವಿಂಗ್ ಡಬ್ಬಿಯೊಳಗೆ ಬಚ್ಚಿಟ್ಟರು.

ಬೀಳ್ಕೊಡುವಾಗ ಯಜಮಾನರು ಒಂದು ಉಡುಗೊರೆ ಕೊಟ್ಟರು. ಸ್ಕೂಲಿನ ಅತಿ ಹಳೆಯ ಕಾರು, ಮೇಷ್ಟ್ರು ಅತಿ ಹೆಚ್ಚು ಕಾಲ ಕೂತಿದ್ದ ಕಾರು. ಯಾರೂ ಕೊಳ್ಳದ ಮಾಲನ್ನು ದಾನ ಮಾಡಿ ಪುಣ್ಯ ಕಟ್ಟಿಕೊಂಡರು ಎಂದು ಹೆಂಡತಿ ಗೊಣಗಿದಳು. "ಈ ಡಬ್ಬಾ ಇಟ್ಕೊಂಡು ಏನ್ ಮಾಡ್ತೀರಿ? ಮಂಡಿ ನೋವು ಅಂತೀರಿ, ಎಲ್ಲಿಗೆ ಓಡಿಸ್ತೀರಿ?" ಕಾರು ಮನೆಯ ಪಕ್ಕದ ಸಂದಿಯಲ್ಲಿ, ಒಂದು ಕಡೆಯ ಬಾಗಿಲಷ್ಟೇ ತೆಗೆಯಲು ಬರುವಂತೆ, ಗೋಡೆಗೆ ಒತ್ತಿಕೊಂಡು ನಿಂತಿತು.

ಊರ ಹೊರಗೆ ವಿಮಾನ ಇಳಿಯುವುದು ಎಂದೋ ನಿಂತುಹೋಗಿದ್ದ ಒಂದು ಹಳೆಯ ರನ್‌ವೇ ಇತ್ತು. ವರ್ಷಕ್ಕೊಂದು ಸಲ ಕಾರಿನ ಹುಚ್ಚಿನವರೆಲ್ಲ ಅಲ್ಲಿ ಸೇರುತ್ತಿದ್ದರು. ಯಾರು ಬೇಕಾದರೂ ತಮ್ಮ ಕಾರು ತರಬಹುದು, ಒಂದು ಸಲಕ್ಕೆ ಒಂದೇ ಕಾರು, ಈ ತುದಿಯಿಂದ ಆ ತುದಿಗೆ ಎಷ್ಟು ವೇಗವಾಗಿ ಹೋಗುತ್ತದೋ ನೋಡುವುದು. ಮೇಷ್ಟ್ರು ಪ್ರತಿ ವರ್ಷ ಹೋಗಿ ಬೇಲಿಯಾಚೆ ನಿಂತು ನೋಡಿ ಬರುತ್ತಿದ್ದರು. ಈಗ ಅವರಿಗೆ ಅದೇ ತಲೆಯಲ್ಲಿ ಕೂತಿತು. ಒಂದೇ ಕಾರು, ಎರಡೂ ಬದಿ ಖಾಲಿ, ಎದುರಿಗೆ ನೇರ ದಾರಿ. ಎಡಗಡೆ ಎನ್ನುವುದೇ ಇಲ್ಲದಿದ್ದರೂ ನಡೆಯುವ ಜಾಗ ಭೂಮಿಯ ಮೇಲೆ ಇದ್ದರೆ ಅದೊಂದೇ. ಒಂದೇ ಒಂದು ಸಲ. ಆಮೇಲೆ ಏನಾದರೂ ಆಗಲಿ.

ಹೆಂಡತಿಯ ತಮ್ಮ ಲೇತ್ ಮಷೀನು ಇಟ್ಟುಕೊಂಡು ಎಂಜಿನ್ ಕೆಲಸ ಮಾಡುತ್ತಿದ್ದ. ಮಾತು ಜಾಸ್ತಿ, ಕೈ ಒಳ್ಳೆಯದು. ಮೇಷ್ಟ್ರು ವಿಷಯ ಹೇಳಿದಾಗ ಅವನು ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟ.

"ಈ ಕಾರಿಗೆ ಪೋರ್ಟಿಂಗಾ, ಭಾವ? ಇದು ಹುಟ್ಟಿದಾಗಿಂದ ಮೂರನೇ ಗೇರು ದಾಟಿಲ್ಲ."

"ಅದಕ್ಕೇ ಮಾಡ್ಬೇಕು ಅನ್ನೋದು."

"ಸರಿ, ತಂದು ಹಾಕಿ ನನ್ನ ಅಂಗಡೀಲಿ. ನಾನೇ ಮಾಡ್ಕೊಡ್ತೀನಿ."

"ಬೇಡ ಮಾರಾಯ. ನಾನೇ ಮಾಡ್ತೀನಿ, ಮನೇಲೇ. ನೀನು ಆ ಲೋಹ ಕೆರೆಯೋ ಕೈ ಗ್ರೈಂಡರ್ ಕೊಡು, ಸಾಕು."

ಭಾವಮೈದುನ ಗುಜರಿಯಿಂದ ಅದೇ ಕಾರಿನ ಒಡೆದ ಹೆಡ್ಡೊಂದನ್ನು ತಂದು, ಗರಗಸಕ್ಕೆ ಕೊಟ್ಟು, ಬ್ರೆಡ್ಡು ಕತ್ತರಿಸಿದಂತೆ ಅಡ್ಡಡ್ಡ ಕತ್ತರಿಸಿ ತೋರಿಸಿದ. ಗಾಳಿಯ ದಾರಿಯ ಸುತ್ತ, ಎಂಜಿನ್ನನ್ನು ತಣ್ಣಗಿಡುವ ನೀರು ಹರಿಯುವ ಪೊಳ್ಳು ಇತ್ತು. ಎರಡರ ನಡುವೆ ಅಲ್ಯೂಮಿನಿಯಮ್ಮಿನ ಗೋಡೆ, ಕೆಲವು ಕಡೆ ಬೆರಳಿನ ದಪ್ಪ, ಕೆಲವು ಕಡೆ ಉಗುರಿನ ದಪ್ಪ.

"ಇಲ್ಲಿ ನೋಡಿ, ಹೊಗೆ ದಾರಿಯ ಈ ತಿರುವಿನಲ್ಲಿ. ಇಲ್ಲಿ ಆಸೆಬುರುಕತನ ಮಾಡಿದ್ರೆ ಸೀದಾ ನೀರಿಗೇ. ಆಮೇಲೆ ಹೆಡ್ಡನ್ನ ಬಾಗಿಲಿಗೆ ಅಡ್ಡ ಇಟ್ಕೊಬೇಕು, ಗಾಳಿಗೆ ಬಡ್ಕೊಳ್ದೇ ಇರ್ಲಿ ಅಂತ."

ಹೀಗೆ ಕೆಲಸ ಶುರುವಾಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಲಗೆ ಹಾಕಿ, ಹಳೆಯ ಕಂಬಳಿ ಹಾಸಿ, ಅದರ ಮೇಲೆ ಕಾರಿನಿಂದ ಬಿಚ್ಚಿದ ಹೆಡ್ಡನ್ನು ಮಗುಚಿಟ್ಟರು. ವಾಲ್ವುಗಳು ಕೂರುವ ಉಂಗುರಕ್ಕೆ ಗೀರು ಬೀಳದಿರಲೆಂದು ಹಳೆಯ ವಾಲ್ವುಗಳನ್ನೇ ಅಲ್ಲಿ ಇಳಿಬಿಟ್ಟರು. ದಾರಿಗಳು ಬಾಯಿ ತೆರೆಯುವ ಹೆಡ್ಡಿನ ಮುಖಕ್ಕೆ ನೀಲಿ ಬಳಿದು, ಅದರ ಮೇಲೆ ಸಂದು ಮುಚ್ಚುವ ತೆಳು ಹಾಳೆಯಾದ ಗ್ಯಾಸ್ಕೆಟ್ ಇಟ್ಟು, ಅದರ ತೂತುಗಳ ಒಳಸುತ್ತಿಗೆ ಹೆಂಡತಿಯ ಸೂಜಿಯಿಂದ ಗೆರೆ ಗೀರಿದರು. ಗೆರೆಯ ಒಳಗಿರುವುದೆಲ್ಲ ಹೋಗಬೇಕು, ಗೆರೆ ಉಳಿಯಬೇಕು. ಗ್ರೈಂಡರಿನ ತುದಿಯ ಗುಂಡಗಿನ ಹಲ್ಲಿನ ಕಟ್ಟರು ಅಲ್ಯೂಮಿನಿಯಮ್ಮಿಗೆ ತಾಗಿದರೆ ಹಲ್ಲಿಗೆ ಲೋಹ ಮೆತ್ತಿಕೊಂಡು ಕಟ್ಟಿಕೊಳ್ಳುತ್ತಿತ್ತು. ಅದಕ್ಕೆ ಮೇಣದಬತ್ತಿಗೆ ಆಗಾಗ ಒತ್ತಿಕೊಳ್ಳುತ್ತಾ ನಡೆಸಬೇಕು. ಮೇಷ್ಟ್ರು ಕರವಸ್ತ್ರವನ್ನು ಮೂಗಿಗೆ ಕಟ್ಟಿ, ಟಾರ್ಚನ್ನು ಮಾಡಿನ ಜಂತೆಗೆ ನೇತುಹಾಕಿ, ಬೆಳಗಿನ ತಿಂಡಿಯಾದ ಮೇಲೆ ಕೂತರೆ ಊಟಕ್ಕೆ ಕರೆಯುವವರೆಗೆ ಏಳುತ್ತಿರಲಿಲ್ಲ. ಅಷ್ಟು ಚಿಕ್ಕ ಜಾಗವನ್ನು ನೋಡಲು ಇದ್ದ ದೃಷ್ಟಿಯೇ ಸಾಕಾಗಿತ್ತು. ನೋಡಿ ತಿಳಿಯದ್ದನ್ನು ಕಿರುಬೆರಳು ಹಾಕಿ ತಿಳಿಯುತ್ತಿದ್ದರು.

ಅಲ್ಯೂಮಿನಿಯಮ್ಮಿನ ಪುಡಿ ಮನೆಯೆಲ್ಲ ಹರಡಿತು. ದಿಂಬಿನ ಮೇಲೆ, ಉಪ್ಪಿನ ಡಬ್ಬಿಯ ಮುಚ್ಚಳದ ಮೇಲೆ, ಹೆಂಡತಿಯ ಹುಬ್ಬಿನ ಮೇಲೆ. ಒಂದು ದಿನ ವಕೀಲರೊಬ್ಬರು ತಮ್ಮ ಕಪ್ಪು ಕೋಟನ್ನು ಕೈಯಲ್ಲಿ ಹಿಡಿದು ವಾಪಸ್ ಬಂದರು. ತೋಳು ಚಿಕ್ಕದು ಮಾಡಿಸಲು ಕೊಟ್ಟಿದ್ದ ಕೋಟು ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

"ಏನಮ್ಮ ಇದು? ನಾನು ಹೋಗೋದು ವಾದ ಮಾಡೋಕೆ, ನಾಟಕಕ್ಕಲ್ಲ."

ವಕೀಲರು ಹೋದ ಮೇಲೆ ಅವಳು ಅಡುಗೆಮನೆ ದಾಟಿ ಹಿಂದಕ್ಕೆ ಬಂದು ಸೊಂಟಕ್ಕೆ ಕೈ ಇಟ್ಟು ನಿಂತಳು. ಬೈಯಲು ಬಂದವಳು. ಆದರೆ ಮೇಷ್ಟ್ರು ಬೆಳ್ಳಿ ಬಳಿದುಕೊಂಡವರ ಹಾಗೆ ಕೂತು, ಮರಳು ಕಾಗದವನ್ನು ಸೀಳಿದ ಕಡ್ಡಿಗೆ ಸುತ್ತಿ ದಾರಿಯೊಳಗೆ ತಿರುಗಿಸುತ್ತಾ, ಯಾವುದೋ ರಾಗವನ್ನು ಗುನುಗುತ್ತಿದ್ದರು. ಮದುವೆಯಾದಾಗಿನಿಂದ ಅವರು ಗುನುಗಿದ್ದನ್ನು ಅವಳು ಕೇಳಿರಲಿಲ್ಲ. ಅವಳು ಬೈಯಲಿಲ್ಲ. ಬಾಗಿಲಿಗೆ ಒಂದು ಹಳೆಯ ಬೆಡ್‌ಶೀಟನ್ನು ಪರದೆ ಮಾಡಿ ಹೊಲಿದು ಇಳಿಬಿಟ್ಟಳು.

ಮೇಷ್ಟ್ರು ಅಲ್ಲಿ ಕೂತಾಗಲೆಲ್ಲ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ನಲ್ಲಿಯನ್ನೇ ದಿಟ್ಟಿಸಿ ನೋಡಿದರೆ ಎಡಕ್ಕೆ ಬಟ್ಟೆ ಒಣಹಾಕುವ ಕಂಬ ಕಾಣಬೇಕು. ಕೆಲಸ ಶುರುಮಾಡಿದಾಗ ಕಂಬ ಮಬ್ಬಾಗಿಯಾದರೂ ಇತ್ತು. ಗಾಳಿಯ ದಾರಿಗಳು ನಾಲ್ಕೂ ಮುಗಿಯುವ ಹೊತ್ತಿಗೆ ಇರಲಿಲ್ಲ. ಹನಿ ಬಿಟ್ಟುಕೊಂಡರೆ ಕಣ್ಣು ಉರಿಯುತ್ತಿತ್ತು, ಅಷ್ಟೆ. ಕಂಬ ಮರಳಲಿಲ್ಲ.

ಹೊಗೆಯ ದಾರಿಗಳಲ್ಲಿ ಮೂರನೆಯದು. ಅವತ್ತು ಮೇಷ್ಟ್ರ ಕೈ ಚೆನ್ನಾಗಿ ಓಡುತ್ತಿತ್ತು. ತಿರುವಿನಲ್ಲಿ ಒಂದು ಸಣ್ಣ ದಿಣ್ಣೆ ಬೆರಳಿಗೆ ಸಿಗುತ್ತಿತ್ತು, ಅದೊಂದನ್ನು ಸವರಿಬಿಟ್ಟರೆ ಮುಗಿಯಿತು ಅನ್ನಿಸಿತು. ಸವರಿದರು. ಮತ್ತೆ ಬೆರಳು ಹಾಕಿದರು. ಇನ್ನೊಂದಿಷ್ಟು. ಸಂಜೆ, ಎಲ್ಲ ದಾರಿಗಳೂ ಒಂದೇ ಅಳತೆಗೆ ಬಂದಿವೆಯೇ ಎಂದು ನೋಡಲು ಔಷಧಿಯ ಸಿರಿಂಜಿನಿಂದ ಒಂದೊಂದಕ್ಕೂ ನೀರು ತುಂಬಿಸಿದರು. ಮೂರನೆಯದು ತುಂಬಲಿಲ್ಲ. ಮತ್ತೆ ಹಾಕಿದರು. ಇಳಿಯಿತು. ಹೆಡ್ಡಿನ ಇನ್ನೊಂದು ಬದಿಯಿಂದ, ನೀರಿನ ಪೊಳ್ಳಿನ ಬಾಯಿಯಿಂದ, ಕಂಬಳಿಯ ಮೇಲೆ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಟಾರ್ಚು ಹಿಡಿದು ನೋಡಿದರು. ಗುಂಡುಸೂಜಿಯ ತಲೆಯಷ್ಟು ತೂತು.

ಭಾವಮೈದುನ ಬಂದು, ತೂತಿನ ಅಂಚನ್ನು ಉಗುರಿನಿಂದ ಕೆರೆದು ನೋಡಿದ.

"ವೆಲ್ಡ್ ಮಾಡ್ಬೋದು. ಆದರೆ ಈ ಹಳೇ ಎರಕ ಎಣ್ಣೆ ಕುಡಿದಿರತ್ತೆ ಭಾವ, ಕಾಯಿಸಿದಾಗ ಬೆಸುಗೆ ಹೇಗೆ ಹಿಡಿಯತ್ತೋ ಹೇಳೋಕಾಗಲ್ಲ. ಹೆಡ್ಡಿನ ಮುಖ ಸೊಟ್ಟ ಆದ್ರೆ ಮಷೀನಲ್ಲಿ ಕೆರೆದು ಸಮ ಮಾಡ್ಬೇಕು. ಹಿಡೀಬೋದು. ಹಿಡಿಯುತ್ತೆ ಅಂತ ನಾನು ಹೇಳಲ್ಲ."

"ಮುಂದಿನ ವರ್ಷಕ್ಕೆ ಬೇರೆ ಹೆಡ್ಡು ತಂದು ಮೊದಲಿಂದ ಮಾಡೋಣ ಅಂತೀಯಾ?"

"ಅದು ಒಳ್ಳೇದು."

"ಬೇಡ" ಎಂದರು ಮೇಷ್ಟ್ರು. "ಈ ವರ್ಷವೇ ಆಗ್ಬೇಕು. ವೆಲ್ಡ್ ಮಾಡು."

ಭಾವಮೈದುನ ಹೆಡ್ಡನ್ನು ಒಲೆಯಲ್ಲಿ ಕಾಯಿಸಿ, ತೂತಿಗೆ ಬೆಸುಗೆ ಹಾಕಿ, ಮುಖ ಕೆರೆದು ಕೊಟ್ಟ. ಮೇಷ್ಟ್ರು ಬೆಸುಗೆಯ ಗಂಟನ್ನು ಒಳಗಿನಿಂದ ಕೈಯಲ್ಲೇ, ಗ್ರೈಂಡರು ಮುಟ್ಟದೆ, ಉಜ್ಜಿ ಉಜ್ಜಿ ಕೂರಿಸಿದರು. ನೀರು ತುಂಬಿಸಿದರು. ನಿಂತಿತು.

ಎಂಜಿನ್ನು ಜೋಡಿಸಿ ಕೀಲಿ ತಿರುಗಿಸಿದ ದಿನ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಇಷ್ಟು ವರ್ಷ ಅಜ್ಜನ ಹಾಗೆ ಕೆಮ್ಮುತ್ತಿದ್ದ ಕಾರು ಗಂಟಲು ಸರಿಮಾಡಿಕೊಂಡಿತ್ತು. ಮೇಷ್ಟ್ರು ಪೆಡಲನ್ನು ಸ್ವಲ್ಪ ಒತ್ತಿದರೆ ಎಂಜಿನ್ನು ತಾನಾಗಿಯೇ ಇನ್ನೂ ಬೇಕೆಂದು ಎಳೆದುಕೊಳ್ಳುವಂತೆ ಏರುತ್ತಿತ್ತು. ಹೆಂಡತಿ ಹೊಲಿಗೆ ಮಷೀನು ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಚೆನ್ನಾಗಿದೆ ರೀ" ಎಂದಳು. ಎಂಜಿನ್ನಿನ ಬಗ್ಗೆ ಅವಳು ಆಡಿದ ಮೊದಲನೆಯ ಮಾತು ಅದು.

ರನ್‌ವೇಗೆ ಭಾವಮೈದುನನೇ ಓಡಿಸಿಕೊಂಡು ಹೋದ. ಊರೊಳಗಿನ ರಸ್ತೆಯಲ್ಲಿ ಓಡಿಸುವುದು ಬೇಡ ಎನ್ನುವಷ್ಟು ಬುದ್ಧಿ ಮೇಷ್ಟ್ರಿಗೆ ಇನ್ನೂ ಇತ್ತು, ಮಂಡಿಯ ನೆಪ ಹೇಳಿದರು. ಹೆಂಡತಿ ಹಿಂದಿನ ಸೀಟಿನಲ್ಲಿ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಲ್ಲಿ ಆಗಲೇ ಜನ ಸೇರಿದ್ದರು. ಬಣ್ಣ ಬಣ್ಣದ ಕಾರುಗಳ ನಡುವೆ ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಗುರುತು ಇನ್ನೂ ಮಾಸದ ಈ ಕಾರನ್ನು ಕಂಡು ಒಬ್ಬ, "ಇಲ್ಲೂ ಲೈಸೆನ್ಸ್ ಕೊಡ್ತಾರೇನ್ರೋ?" ಎಂದ. ಮೇಷ್ಟ್ರಿಗೂ ನಗು ಬಂತು.

ಸರದಿ ಬಂದಾಗ ಒಬ್ಬರೇ ಹತ್ತಿ ಕೂತರು. ಎದುರಿಗೆ ಬೂದುಬಣ್ಣದ ನೇರ ದಾರಿ, ಅದರ ತುದಿಯಲ್ಲಿ ಆಕಾಶ. ಬಾವುಟ ಇಳಿಯಿತು. ಮೊದಲನೆಯ ಗೇರು, ಎರಡನೆಯದು. ಕಾರು ಅವರ ಬೆನ್ನನ್ನು ಸೀಟಿಗೆ ಒತ್ತಿತು. ಮೂರನೆಯದಕ್ಕೆ ಹಾಕಿದರು, ಆಗಲೂ ಎಂಜಿನ್ನು ಉಸಿರು ಬಿಗಿಹಿಡಿಯಲಿಲ್ಲ, ಇನ್ನೂ ಇತ್ತು ಅದರಲ್ಲಿ. ಮೇಷ್ಟ್ರು ಬಾಯಿಬಿಟ್ಟು ನಕ್ಕರು. ಕಾರಿನೊಳಗೆ ಯಾರೂ ಇರಲಿಲ್ಲ, ನಿಧಾನ ಎನ್ನಲು.

ಆಗ ಎಲ್ಲಿಂದಲೋ ಒಂದು ಕೂಗು ಕೇಳಿತು. ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಟೈರುಗಳು ಕಿರುಚಿದವು. ಕಾರು ಅಡ್ಡಡ್ಡ ಜಾರಿ ನಿಂತಾಗ ಎಡಗಡೆಯ ಕನ್ನಡಿ ಮುರಿದು ನೇತಾಡುತ್ತಿತ್ತು. ಹಿಂದೆ, ರನ್‌ವೇಯ ಅಂಚಿನಲ್ಲಿ, ಕಿತ್ತಲೆ ಬಣ್ಣದ ಅಂಗಿ ತೊಟ್ಟ ಕೆಲಸಗಾರನೊಬ್ಬ ನೆಲದ ಮೇಲೆ ಕೂತಿದ್ದ. ಇವರಿಗಿಂತ ಮೊದಲು ಓಡಿದ್ದ ಕಾರು ಬೀಳಿಸಿಹೋಗಿದ್ದ ಗುರುತಿನ ಕೋನನ್ನು ಎತ್ತಿಡಲು ಹೋಗಿದ್ದವನು, ಬಾವುಟ ಇಳಿದದ್ದನ್ನು ನೋಡಿರಲಿಲ್ಲ. ಕೈ ಬೀಸಿದ್ದನಂತೆ, ಎರಡೂ ಕೈ ಬೀಸಿದ್ದನಂತೆ. ಕನ್ನಡಿ ಅವನ ಮೊಣಕೈಗೆ ತಾಗಿ ಅವನನ್ನು ಉರುಳಿಸಿತ್ತು, ಅಷ್ಟೆ. ಕಾರು ಇನ್ನೊಂದು ಗೇಣು ಎಡಕ್ಕೆ ಹೋಗಿದ್ದರೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ.

ಮೇಷ್ಟ್ರು ಇಳಿದು ಅವನ ಹತ್ತಿರ ಹೋದರು. ಅವನು ಮೊಣಕೈ ಹಿಡಿದುಕೊಂಡು ಎದ್ದು ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು.

"ಕಣ್ಣು ಕಾಣಲ್ವೇನ್ರಿ ನಿಮಗೆ?"

"ಇಲ್ಲ" ಎಂದರು ಮೇಷ್ಟ್ರು. "ಕಾಣಲ್ಲ."

ಅಷ್ಟು ಹೊತ್ತಿಗೆ ಭಾವಮೈದುನನೂ ಹೆಂಡತಿಯೂ ಓಡಿ ಬಂದಿದ್ದರು. ಭಾವಮೈದುನ ಒಮ್ಮೆ ಭಾವನ ಮುಖ, ಒಮ್ಮೆ ಅಕ್ಕನ ಮುಖ ನೋಡಿದ.

"ಏನ್ ಭಾವ? ಏನಂತಿದ್ದೀರಿ?"

ಮೇಷ್ಟ್ರು ಹೇಳಿದರು. ಬಟ್ಟಲು, ಗುಂಡಿ, ಹನಿಯ ಬಾಟಲಿ, ಎಲ್ಲ. ಹೇಳುವಾಗ ಹೆಂಡತಿಯ ಕಡೆ ನೋಡಲಿಲ್ಲ. ಅವಳು ಕೆಲಸಗಾರನ ತೋಳನ್ನು ಹಿಡಿದು ಮಡಿಸಿ ಬಿಡಿಸಿ ಮೂಳೆ ಸರಿಯಿದೆಯೇ ಎಂದು ನೋಡುತ್ತಿದ್ದಳು.

"ನನಗೆ ಗೊತ್ತಿತ್ತು" ಎಂದಳು, ತೋಳು ಬಿಡದೆ. "ಎಡಗಡೆ ಇಟ್ಟ ಲೋಟ ದಿನಾ ಉರುಳಿಸ್ತಿದ್ರಿ. ಶೇವಿಂಗ್ ಡಬ್ಬಿ ಒರೆಸೋಳು ಯಾರು ಅಂದ್ಕೊಂಡ್ರಿ? ನೋವಿಲ್ಲದ ಮಂಡಿಗೆ ಇಷ್ಟು ದಿನ ಎಣ್ಣೆ ತಿಕ್ಕಿದ್ದೀನಿ, ನೀವಾಗಿ ಹೇಳ್ತೀರಿ ಅಂತ."

"ಗೊತ್ತಿದ್ದೂ ಇಲ್ಲಿಗೆ ಬಿಟ್ಯಾ?" ಎಂದರು ಮೇಷ್ಟ್ರು.

"ಯಾರೂ ಇರಲ್ಲ, ಖಾಲಿ ಜಾಗ ಅಂದ್ರಿ. ಮನೆ ಹಿಂದೆ ಗುನುಗ್ತಾ ಕೂತಿದ್ರಿ. ನಾನೂ ನಂಬಿದೆ." ಅವಳು ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಕೆಲಸಗಾರ, ತನ್ನಿಂದಲೇ ಏನೋ ತಪ್ಪಾಯಿತೆಂಬಂತೆ, "ಹೋಗ್ಲಿ ಬಿಡಿ ಅಮ್ಮ, ಏನೂ ಆಗಿಲ್ಲ" ಎಂದ.

ಮೇಷ್ಟ್ರಿಗೆ ಭೂಮಿಗಿಳಿದುಹೋಗಬಾರದೇ ಅನ್ನಿಸಿತು. ಕಲಿಯಲು ಬಂದವನು ಹೀಗೆ ಮಾಡಿದ್ದರೆ ಅವನನ್ನು ಅವರು ಮತ್ತೆ ಸ್ಟಿಯರಿಂಗು ಮುಟ್ಟಗೊಡುತ್ತಿರಲಿಲ್ಲ. ಕೀಲಿಯನ್ನು ಭಾವಮೈದುನನ ಕೈಗೆ ಕೊಟ್ಟರು.

"ನೀನು ಓಡಿಸು."

"ಈಗ ಬೇಡ ಭಾವ. ಮನೆಗೆ ಹೋಗೋಣ."

"ಓಡಿಸೋ" ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ. "ಅಷ್ಟು ದಿನ ಮಾಡಿದ್ದಾರೆ. ಒಂದು ಸಲ ಕೇಳಿಸ್ಕೊಳ್ಳಲಿ."

ಭಾವಮೈದುನ ಓಡಿಸಿದ. ಮೇಷ್ಟ್ರು ಬೇಲಿಯ ಹತ್ತಿರ ನಿಂತು ಕಣ್ಣು ಮುಚ್ಚಿಕೊಂಡರು. ಎಂಜಿನ್ನಿನ ದನಿ ಎದುರಿಗೆ ಬಂದು, ದಾಟಿ, ಆ ತುದಿಯವರೆಗೂ ಎಲ್ಲೂ ಮುಗ್ಗರಿಸದೆ ಏರಿಕೊಂಡೇ ಹೋಯಿತು. ಪಕ್ಕದಲ್ಲಿ ಯಾರೋ, "ಆ ಸ್ಕೂಲ್ ಕಾರಾ ಇದು?" ಎಂದರು. ಹೆಂಡತಿ ಅವರ ತೋಳು ಹಿಡಿದುಕೊಂಡಳು. ಅಷ್ಟು ಹೊತ್ತು, ಆ ಒಂದು ಓಟದಷ್ಟು ಹೊತ್ತು, ಮೇಷ್ಟ್ರಿಗೆ ಯಾವ ಕೊರತೆಯೂ ಇರಲಿಲ್ಲ.

ಭಾವಮೈದುನನಿಗೆ ಹುಮ್ಮಸ್ಸು ಬಂದುಬಿಟ್ಟಿತ್ತು. ಕೇಳದೆಯೇ ಇನ್ನೊಮ್ಮೆ ಸರದಿಗೆ ನಿಂತ. ಈ ಸಲ ಅರ್ಧ ದಾರಿಯಲ್ಲಿ ಹೊಗೆ ಕೊಳವೆಯಿಂದ ಬೆಳ್ಳಗೆ ಆವಿ ಎದ್ದಿತು, ಮೊದಲು ಎಳೆಯಾಗಿ, ಆಮೇಲೆ ಮೋಡದ ಹಾಗೆ. ಮೇಷ್ಟ್ರಿಗೆ ಅದು ಕಾಣುವ ಮುಂಚೆ ಕೇಳಿತು. ದನಿ ಕುಗ್ಗಿತು, ಕೆಮ್ಮಿತು, ಲೋಹಕ್ಕೆ ಲೋಹ ಕಚ್ಚಿದ ಒಂದು ಸದ್ದು ಬಂತು. ಆಮೇಲೆ ಏನೂ ಇರಲಿಲ್ಲ. ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರು.

ಭಾವಮೈದುನನ ಅಂಗಡಿಯಲ್ಲಿ ಎಂಜಿನ್ನು ಬಿಚ್ಚಿದಾಗ ಮೂರನೆಯ ದಾರಿಯ ಬೆಸುಗೆ ಉದ್ದಕ್ಕೂ ಬಾಯಿ ಬಿಟ್ಟಿತ್ತು. ನೀರೆಲ್ಲ ಅಲ್ಲಿಂದಲೇ ಹೋಗಿ, ಎಂಜಿನ್ನು ಕಾದು ಕಚ್ಚಿಕೊಂಡಿತ್ತು. ಪಿಸ್ಟನ್ನುಗಳು ಗೀರಿ ಹಾಳಾಗಿದ್ದವು.

"ನನ್ನ ಬೆಸುಗೆ ಬಿಟ್ಟಿದ್ದು ಭಾವ. ಎರಡನೇ ಸಲ ಹೋಗ್ಬಾರ್ದಿತ್ತು ನಾನು."

"ತೂತು ಮಾಡಿದ್ದು ನಾನು."

ಭಾವಮೈದುನ ಕೈಯ ಎಣ್ಣೆ ಒರೆಸಿಕೊಳ್ಳುತ್ತಾ, "ಗುಜರೀಲಿ ಇನ್ನೊಂದು ಹೆಡ್ಡಿದೆ. ಬ್ಲಾಕೂ ಸಿಗುತ್ತೆ. ಮತ್ತೆ ಮಾಡೋಣ" ಎಂದ.

"ಯಾರಿಗೆ?" ಎಂದರು ಮೇಷ್ಟ್ರು.

ಅವರು ಜಗಳಕ್ಕೆಂದು ಕೇಳಿದ್ದಲ್ಲ. ಭಾವಮೈದುನ ತನಗೆ ಎನ್ನಬಹುದಿತ್ತು, ಅದು ಸುಳ್ಳಾಗುತ್ತಿತ್ತು.

ಮನೆಗೆ ತಂದು ನಿಲ್ಲಿಸಿದ್ದ ಕಾರನ್ನು ಒಯ್ಯಲು ಗುಜರಿಯವನು ಬಂದ. ಹೆಡ್ಡನ್ನು ಬೇರೆಯಾಗಿ ಎತ್ತಿ, ತನ್ನ ಗಾಡಿಯಲ್ಲಿದ್ದ ಅಲ್ಯೂಮಿನಿಯಮ್ ಪಾತ್ರೆಗಳ ರಾಶಿಯ ಮೇಲೆ ಎಸೆದ. ಹೆಂಡತಿ ಹೊಲಿಗೆ ಬಿಟ್ಟು ಹೊರಗೆ ಓಡಿಬಂದಳು.

"ಅದೊಂದನ್ನ ಇಟ್ಕೊಳ್ರೀ. ಇರ್ಲಿ ಮನೇಲಿ."

"ಇಟ್ಕೊಂಡು?"

"ಸುಮ್ನೆ. ನೀವು ಮಾಡಿದ್ದು."

"ಬೇಡ. ಕರಗಿಸಿ ಏನಾದ್ರೂ ಮಾಡ್ಕೊಳ್ಳಲಿ" ಎಂದು ಮೇಷ್ಟ್ರು ಒಳಗೆ ಹೋದರು. ಅವಳು ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಆಮೇಲೆ ಹಿಂದಿನ ಬಾಗಿಲ ಪರದೆಯನ್ನು ಬಿಚ್ಚಿ ಒಗೆಯಲು ಹಾಕಿದಳು. ಎಷ್ಟು ಸಲ ಒಗೆದರೂ ಅದರ ಹೊಳಪು ಹೋಗಲಿಲ್ಲ. ಕಡೆಗೆ ನೆಲ ಒರೆಸಲು ಹರಿದಳು.

ಮುಂದಿನ ಮಳೆಗಾಲದ ಹೊತ್ತಿಗೆ ಬಲಗಣ್ಣೂ ಎಡಗಣ್ಣಿನ ಹಾದಿ ಹಿಡಿಯಿತು. ಡಾಕ್ಟರಮ್ಮ ಹನಿ ಬದಲಾಯಿಸಿದಳು, ಒಂದು ಆಪರೇಷನ್ನೂ ಮಾಡಿದಳು, ಆಮೇಲೆ ಕೈ ಚೆಲ್ಲಿದಳು. ಮೇಷ್ಟ್ರು ಬೀದಿಗೆ ಹೋಗುವುದು ಕಡಿಮೆಯಾಯಿತು. ಹೋದರೂ ಹೆಂಡತಿಯ ಬಲಗೈ ಹಿಡಿದು. ಹಳೆಯ ಶಿಷ್ಯರು ಕಾರು ನಿಲ್ಲಿಸಿ, "ನಮಸ್ಕಾರ ಮೇಷ್ಟ್ರೇ, ಎಲ್ಲಿಗೆ ಬಿಡ್ಲಿ?" ಎಂದರೆ, ದನಿಯಿಂದ ಯಾರೆಂದು ಗುರುತಿಸಲು ನೋಡುತ್ತಾ ನಿಂತುಬಿಡುತ್ತಿದ್ದರು. ಆ ನರ್ಸೂ ಒಂದು ದಿನ ಸಿಕ್ಕಳು. ಈಗ ತಾನೊಬ್ಬಳೇ ಎಷ್ಟೆಷ್ಟು ದೂರ ಓಡಿಸುತ್ತೇನೆಂದು ಹೇಳಿದಳು. ನೀವು ಅವತ್ತು ಬ್ರೇಕು ಒತ್ತದೆ ನನ್ನನ್ನೇ ನಂಬಿದಿರಲ್ಲ ಸರ್, ಅದರಿಂದಲೇ ಧೈರ್ಯ ಬಂದದ್ದು ಎಂದಳು. ಮೇಷ್ಟ್ರು ಒಳ್ಳೆಯದಾಗಲಿ ಅಂದರು.

ಮನೆಯಲ್ಲಿ ಕೈ ಕಟ್ಟಿ ಕೂರಲಾಗದೆ, ರಿಪೇರಿಗೆ ಬಂದ ಬಟ್ಟೆಗಳ ಹೊಲಿಗೆ ಬಿಚ್ಚಿಕೊಡುತ್ತೇನೆಂದರು. ಹೆಂಡತಿ ಸಣ್ಣ ಕತ್ತರಿ ಕೊಟ್ಟು ಪಕ್ಕದಲ್ಲಿ ಸ್ಟೂಲು ಹಾಕಿದಳು. ಅವಳು ಬಿಚ್ಚಬೇಕಾದ ಕಡೆ ಗುಂಡುಸೂಜಿ ಚುಚ್ಚಿಡುವಳು, ಅವರು ತಡವಿ ಹುಡುಕಿ ಬಿಚ್ಚುವರು. ಒಂದು ದಿನ ಯಾರದೋ ಷರ್ಟಿನ ತೋಳು ಬಿಚ್ಚುವ ಬದಲು ಕಾಲರನ್ನೇ ಬಿಚ್ಚಿಟ್ಟರು. ಅವಳು ನೋಡಿದಳು. ಅದನ್ನು ಎಳೆದುಕೊಂಡು ಮಷೀನಿಗೆ ಕೊಟ್ಟಳು. ತೋಳಿನ ಉದ್ದದ ಹೊಲಿಗೆಗೂ ಕಾಲರಿನ ಗಿಡ್ಡ ಹೊಲಿಗೆಗೂ ಮಷೀನಿನ ಸದ್ದು ಬೇರೆ ಬೇರೆ. ಮೇಷ್ಟ್ರು ಕತ್ತರಿ ನಿಲ್ಲಿಸಿದರು.

"ತಪ್ಪಾಯ್ತಾ?"

"ಇಲ್ಲ. ಕಾಲರ್ ಹೇಗೂ ಸವೆದುಹೋಗಿತ್ತು. ತಿರುಗಿಸಿ ಹಾಕ್ತಿದ್ದೀನಿ."

ಕಾಲರ್ ಹೊಸದಾಗಿತ್ತು. ಬಿಚ್ಚುವಾಗ ಬೆರಳಿಗೆ ತಾಗಿದ್ದ ಗಂಜಿಯ ಬಿಗುವು ಮೇಷ್ಟ್ರಿಗೆ ನೆನಪಿತ್ತು.

"ಹೌದಾ" ಎಂದು ಮೇಷ್ಟ್ರು ಇನ್ನೊಂದು ಬಟ್ಟೆಗಾಗಿ ಕೈ ಚಾಚಿದರು.